ಖಾನೆಯ ಹಿಂದಿನ ಬಾಚಣಿಗೆ

ಒಂದು ಮಾತು ಕೇಳಬಹುದಿತ್ತು. "ನೀನು ತೆಗೆದ್ಯೇನಯ್ಯಾ?" ಅಂತ ಮೇಷ್ಟ್ರು ಮುಖ ನೋಡಿ ಕೇಳಿದ್ದರೆ ಗುಡುಗಪ್ಪ ಅಲ್ಲೇ ಹಾರಾಡಿ, ಕೂಗಾಡಿ, ನಾಲ್ಕು ದಿನ ಮುನಿಸಿಕೊಂಡು ಮರೆತುಬಿಡುತ್ತಿದ್ದ. ಕೇಳಲಿಲ್ಲ. ಆ ಸಿಟ್ಟು ಇವತ್ತಿಗೂ ಹೊಟ್ಟೆಯಲ್ಲಿ ತಣ್ಣಗೆ ಕೂತಿದೆ, ನುಂಗಿದ ಕಲ್ಲಿನ ಹಾಗೆ.

ಗುಡುಗಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮ್ಯೂಸಿಯಂನ ನೆಲಮಾಳಿಗೆಯ ಬೀಗ ಅವನ ಕೈಯಲ್ಲಿತ್ತು. ಮೂಳೆ, ಮಡಕೆ ಚೂರು, ಸತ್ತ ರಾಣಿಯರ ಒಡವೆ ಎಲ್ಲ ಅಲ್ಲಿ ಮರದ ಬೀರುಗಳ ಎಳೆಯುವ ಖಾನೆಗಳಲ್ಲಿ ಮಲಗಿದ್ದವು. ಮ್ಯೂಸಿಯಂನ ಪಂಡಿತರಾಗಿದ್ದ ಮೇಷ್ಟ್ರೂ ಅವರ ಕರಿಕೋಟಿನ ಶಿಷ್ಯರೂ ದೀಪದ ಸುತ್ತ ತಲೆ ಸೇರಿಸಿ, ಯಾವ ರಾಣಿಗೆ ಯಾರು ವಿಷ ಹಾಕಿದರು ಅಂತ ಪಿಸುಗುಟ್ಟುತ್ತ ಓದುತ್ತಿದ್ದರು. ಇವನಿಗೆ ಪಿಸುಮಾತು ಬಾರದು. ಖಾನೆ ಸಿಕ್ಕಿಕೊಂಡರೆ ಬೈದು, ಗುದ್ದಿ ಮುಚ್ಚುತ್ತಿದ್ದ.

"ಗುಡುಗಪ್ಪ, ಮೆಲ್ಲಗೆ ಕಣಯ್ಯ. ಸತ್ತೋರು ಎದ್ದು ಕೂತಾರು!" ಅನ್ನುತ್ತಿದ್ದರು ಮೇಷ್ಟ್ರು. ಹೆಸರು ಹಾಗೇ ಅಂಟಿಕೊಂಡಿತು.

ಒಂದು ದಿನ ಅವರು ರಾಣಿಯೊಬ್ಬಳ ಆನೆದಂತದ ಬಾಚಣಿಗೆ ನೋಡುತ್ತಿದ್ದಾಗ ಇವನೂ ಬಗ್ಗಿದ. ಶಿಷ್ಯನೊಬ್ಬ ಕಿಸಕ್ಕನೆ ನಕ್ಕ. "ಬೀಗ ಹಾಕೋನಿಗೆ ಇದೆಲ್ಲ ಯಾಕಣ್ಣಾ?"

ಗುಡುಗಪ್ಪ ಬಾಚಣಿಗೆಯನ್ನು ಖಾನೆಯೊಳಗಿಟ್ಟು, ಗೋಡೆ ನಡುಗುವ ಹಾಗೆ ಅದನ್ನು ನೂಕಿ ಮುಚ್ಚಿದ. ಆಮೇಲೆ ತೆರೆದಾಗ ಬಾಚಣಿಗೆ ಇಲ್ಲ.

ಬೀಗದ ಕೈ ಇದ್ದದ್ದು ಇವನ ಹತ್ತಿರ, ಮೇಷ್ಟ್ರ ಹತ್ತಿರ, ಅಷ್ಟೇ. ಮ್ಯೂಸಿಯಂನ ದೊಡ್ಡ ಸಾಹೇಬರ ಬೆರಳು ಸೀದಾ ಇವನ ಕಡೆಗೆ ತಿರುಗಿತು. ಆಗ ಮೇಷ್ಟ್ರು ಎದ್ದು ನಿಂತರು. "ಮನೆಗೆ ಒಯ್ದಿದ್ದೆ. ನನ್ನ ಕೈಯಿಂದಲೇ ಕಳೆದುಹೋಯ್ತು." ಹಸಿ ಸುಳ್ಳು. ಅವರ ಕೆಲಸ ಹೋಯಿತು. ಪುಸ್ತಕ ಹೊತ್ತು ಹೊರಟವರು ಇವನ ಹೆಗಲು ತಟ್ಟಿ, "ಮಕ್ಕಳನ್ನ ಚೆನ್ನಾಗಿ ನೋಡ್ಕೋ" ಅಂದರು. ಕಳ್ಳನಿಗೆ ಹೇಳುವ ಬುದ್ಧಿಮಾತು.

"ಕಾಪಾಡಿದ್ರಲ್ಲ, ಅದಕ್ಯಾಕೆ ಉರಿ?" ಅಂದಳು ಹೆಂಡತಿ.

"ಕಳ್ಳನ್ನ ಕಾಪಾಡಿದ್ರು ಕಣೇ. ನನ್ನನ್ನಲ್ಲ."

"ಸರಿ, ಈಗ ಊಟಕ್ಕೆ ಕೂತಿರೋರು ಯಾರು? ಕಳ್ಳನೋ, ನೀವೋ?"

ಅವನು ನಗಲಿಲ್ಲ. ಅಂದಿನಿಂದ ಗುಡುಗುವುದೂ ನಿಂತಿತು. ಬೀಗ ತೆಗೆದ, ಬೀಗ ಹಾಕಿದ. ಮಕ್ಕಳು ಬೆಳೆದರು. ಏನೂ ಅನ್ನಿಸದೆ ವರ್ಷಗಳು ಸರಿದುಹೋದವು.

ಗೆದ್ದಲು ಹಿಡಿದ ಬೀರುಗಳನ್ನು ಗೋಡೆಯಿಂದ ಈಚೆಗೆ ಎಳೆದ ದಿನ, ಗೋಡೆಯ ಬುಡದಲ್ಲಿ, ಧೂಳಿನಲ್ಲಿ ಬಾಚಣಿಗೆ ಬಿದ್ದಿತ್ತು. ಗುಡುಗಪ್ಪ ಖಾನೆಯನ್ನು ಪೂರ್ತಿ ಹೊರಗೆಳೆದು ನೋಡಿದ. ಹಿಂದಿನ ಹಲಗೆ ಮೋಟು. ಬೀರುವಿನ ಬೆನ್ನೂ ಅಲ್ಲಿ ಬಿರಿದಿತ್ತು. ಅವತ್ತು ಅವನು ನೂಕಿದ ರಭಸಕ್ಕೆ ಬಾಚಣಿಗೆ ಹಲಗೆ ಹಾರಿ ಆಚೆ ಬಿದ್ದಿತ್ತು. ಕದ್ದವರು ಯಾರೂ ಇಲ್ಲ. ಕಳೆದವನು ಇವನೇ.

ಹೊಸ ಸಾಹೇಬರ ಮೇಜಿನ ಮೇಲೆ ಇಟ್ಟ. ಅವರು ತಿರುಗಿಸಿ ನೋಡಿ, "ಆ ಕತೆ ಆಗಲೇ ಮುಗಿದಿದೆಯಲ್ಲ. ಇದ್ದ ಜಾಗದಲ್ಲೇ ಇಡು" ಅಂದರು. ಈಗಲಾದರೂ ಬಾಯಿಂದ ಗುಡುಗು ಬರುತ್ತದೆಂದು ಕಾದ. ಬರಲಿಲ್ಲ.

ಬಾಚಣಿಗೆಯನ್ನು ಖಾನೆಗೆ ಸೇರಿಸಿ, ಸಂಜೆ ಬರಿಗೈಯಲ್ಲಿ ಮೇಷ್ಟ್ರ ಮನೆ ಹುಡುಕಿಕೊಂಡು ಹೋದ. ಅವರ ತಂಗಿ ಬಾಗಿಲು ತೆರೆದರು.

"ಅಣ್ಣ ತೀರಿಹೋಗಿ ವರ್ಷವಾಯ್ತಲ್ಲಪ್ಪ. ನೀನು ಯಾರು?"

"ಗುಡುಗಪ್ಪ."

"ಅಯ್ಯೋ, ನೀನೇನಾ! ನಿನ್ನ ಹೆಸರು ಹೇಳ್ಕೊಂಡು ನಗ್ತಿದ್ರು."

"ಬಾಚಣಿಗೆ ವಿಷಯ... ನನ್ನ ಬಗ್ಗೆ ಏನಾದ್ರೂ ಅಂದಿದ್ರಾ?"

"ಆ ಮಾತು ಮನೇಲಿ ಎತ್ತಲೇ ಇಲ್ಲ." ಆಕೆ ಅವನ ಮುಖವನ್ನೇ ನೋಡಿದರು. "ಯಾಕಪ್ಪ, ಅವರಿಗೆ ಏನಾದ್ರೂ ಕೊಡೋದಿತ್ತಾ?"

"ಇತ್ತಮ್ಮ," ಅಂದ.

ಆಕೆ ಕೈ ಚಾಚಿ ಕಾದರು. ಅವನು ತಂದಿದ್ದದ್ದು 'ತಪ್ಪಾಯ್ತು' ಅನ್ನುವ ಒಂದೇ ಮಾತು.