ತುದಿಯ ಮೊಗ್ಗು

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಅಂಗಳದ ತುಂಬ ಗ್ಲಾಡಿಯೋಲಸ್ ಗಡ್ಡೆ ನೆಟ್ಟು, ಹೂವನ್ನು ಹೊಸಪೇಟೆಯ ಹೋಟೆಲೊಂದಕ್ಕೆ ಕೊಡುತ್ತಿದ್ದರು. ಉದ್ದನೆಯ ಹೂವಿನ ಕಡ್ಡಿಯ ತುಂಬ ಸಾಲು ಮೊಗ್ಗು; ಬುಡದಲ್ಲಿ ಒಂದು ಬಣ್ಣ ತೋರಿದರೆ ಸಾಕು, "ಬಂತ್ ನೋಡ್ರಿ" ಎಂದು ಕೊಯ್ದುಬಿಡುವರು; ಮೇಲಿನವು ಅರಳುತ್ತಿದ್ದುದು ಹೋಟೆಲಿನ ಹೂದಾನಿಯಲ್ಲೇ.

ಗಂಡನಿಗೆ ಲಕ್ವ ಹೊಡೆದು ಮಾತು ನಿಂತ ವರ್ಷ ಮಾತ್ರ, ಹೋಟೆಲಿನವರು ಬಂದಾಗ ಒಂದು ಕಡ್ಡಿಯನ್ನೂ ಮುಟ್ಟಗೊಡಲಿಲ್ಲ.

"ಇಷ್ಟ್ ವರ್ಷ ನಮ್ಮನಿಯವ್ರು ನೀರ್ ಹಾಕ್ಯಾರ್ರಿ. ತುದಿ ಮೊಗ್ಗು ಅರಳಿದ್ದು ಒಮ್ಮಿನೂ ನೋಡಿಲ್ಲ. ಈ ಸಲ ಕೊಯ್ಯೋದು ಬ್ಯಾಡ್ರಿ."

ದಿನಾ ಬೆಳಿಗ್ಗೆ ಗಂಡನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸುವರು. ಹೂವು ಕೆಳಗಿನಿಂದ ಒಂದೊಂದಾಗಿ ಅರಳುತ್ತ ಮೇಲೇರಿತು. ತುದಿಯದು ಬಿರಿದ ದಿನ ನನ್ನನ್ನೂ ಕೂಗಿದರು. ಹೆಬ್ಬೆರಳಿನಷ್ಟು ಪುಟ್ಟ ಕೆಂಪು ಹೂವು. ಗಂಡ ಬಹಳ ಹೊತ್ತು ನೋಡಿದರು. ಆಮೇಲೆ ಎಡಗೈಯನ್ನು ಮೆಲ್ಲಗೆ ಎತ್ತಿ, ಕೆಳಗೆ ಕೂತಿದ್ದ ಹೆಂಡತಿಯ ತಲೆಯ ಮೇಲಿಟ್ಟರು. ನನಗೇ ತಿಳಿಯದಂತೆ ನಾನು ಚಪ್ಪಲಿ ಕಳಚಿ ನಿಂತಿದ್ದೆ.