ಅರವತ್ತೈದು ಅಂದರೆ ಯಾವ ರಕ್ತ?

ನನ್ನ ಅಕ್ಕ ಆಸ್ಪತ್ರೆಯ ರಕ್ತನಿಧಿಯಲ್ಲಿ ಹದಿನೆಂಟು ವರ್ಷದಿಂದ ಟೆಕ್ನಿಷಿಯನ್. ಮೂಗಿನ ತುದಿಯಲ್ಲೇ ಕೋಪ, ಕೆಲಸದಲ್ಲಿ ಮಾತ್ರ ಆಮೆಯಷ್ಟು ನಿಧಾನ. ಅದೇ ಆಸ್ಪತ್ರೆಯ ಕಚೇರಿಯಲ್ಲಿ ನಾನು ಟೈಪಿಸ್ಟ್.

ರಕ್ತದ ಚೀಲಗಳಿಗೆ ಚೀಟಿ ಮುದ್ರಿಸಲು ನಮ್ಮ ಸಾಹೇಬರು ತಾವೇ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದರು. ಎರಡು ತಿಂಗಳ ಕೋರ್ಸು ಮುಗಿಸಿ ಬಂದಿದ್ದೇ ತಡ, ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮೂರನೇ ದಿನ ಬಾಣಂತಿಯೊಬ್ಬಳಿಗೆ ಎ ಗುಂಪಿನ ರಕ್ತ ಬೇಕಾಯಿತು. ಎ ಎಂದು ಚೀಟಿ ಅಂಟಿಸಿದ್ದ ಚೀಲದ ಹನಿಯನ್ನು ಅಕ್ಕ ಅವಳ ರಕ್ತದ ತಿಳಿಯೊಂದಿಗೆ ಬೆರೆಸಿ ನೋಡಿದಳು. ಗಂಟುಗಂಟಾಯಿತು, ಅಂದರೆ ಹೊಂದುವುದಿಲ್ಲ. ದಾನಿಯ ಕಡತ ತೆಗೆದರೆ, ಎಬಿ! ಏರಿಸಿದ್ದರೆ ಬಾಣಂತಿ ಉಳಿಯುತ್ತಿದ್ದಳೋ ಇಲ್ಲವೋ.

"ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ, ನೀವೇ ಏನೋ ಎಡವಟ್ಟು ಮಾಡಿರ್ತೀರ" ಎಂದರು ಸಾಹೇಬರು. ನನಗೆ ಮೈಯೆಲ್ಲ ಉರಿಯಿತು.

ಅಕ್ಕ ಸರಿಯಾದ ಚೀಲ ಕಳಿಸಿದಳು. ಸಾಹೇಬರು ಊಟಕ್ಕೆ ಹೋದಾಗ ಅವರ ಕೋರ್ಸಿನ ಪುಸ್ತಕ ಬಿಡಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ನಾನು ಪಕ್ಕದಲ್ಲಿ ನಿಂತೆ.

"ನೋಡೇ, ಈ ಎಎಸ್‌ಸಿ ಅನ್ನೋದು ಅಕ್ಷರ ಕೊಟ್ರೆ ಅದರ ನಂಬರ್ ಹೇಳುತ್ತೆ. ಎ ಅಂದ್ರೆ ಅರವತ್ತೈದು."

ಆಮೇಲೆ ಎಬಿ ಕೊಟ್ಟಳು. ಮತ್ತೆ ಅರವತ್ತೈದು.

"ಮೊದಲನೇ ಅಕ್ಷರ ಮಾತ್ರ ನೋಡುತ್ತೆ ಕಣೇ! ಹಿಂದೆ ಬಿ ಇರೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಈ ನಂಬರ್ ನಂಬ್ಕೊಂಡು ಚೀಟಿ ಹೊಡೆಸಿದ್ದಾನೆ, ಮಹಾನುಭಾವ!"

ಎಷ್ಟು ಅಕ್ಷರ ಇವೆ ಎಂದು ಮೊದಲೇ ನೋಡುವ ಒಂದು ಸಾಲು ಸೇರಿಸಿದಳು. ಫ್ರಿಜ್ಜಿನಲ್ಲಿ ಎ ಎಂದಿದ್ದ ಚೀಲಗಳನ್ನೆಲ್ಲ ಮತ್ತೆ ಪರೀಕ್ಷಿಸಿದಳು. ಇನ್ನೂ ನಾಲ್ಕು ಎಬಿ ಸಿಕ್ಕವು.

ಮರುದಿನ ಸಾಹೇಬರು ನನ್ನನ್ನು ಕರೆದು ನೋಟಿಸು ಹೇಳಿ ಬರೆಸಿದರು. ಅನುಮತಿಯಿಲ್ಲದೆ ಕಂಪ್ಯೂಟರ್ ಮುಟ್ಟಿದ್ದಕ್ಕೆ ಅಕ್ಕನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು. ಬಾಣಂತಿಯ ಸುದ್ದಿಯೇ ಇಲ್ಲ! ಅವರು ಹೇಳಿದ್ದನ್ನು ಹಾಗೇ ಟೈಪ್ ಮಾಡಿಕೊಟ್ಟೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಅಕ್ಕ ನೋಟಿಸು ಓದಿ ನನ್ನ ಮೇಜಿಗೆ ಬಂದಳು.

"ನೀನೇನಾ ಟೈಪ್ ಮಾಡಿದ್ದು?"

"ಹೂಂ."

"ಉತ್ತರಾನೂ ನೀನೇ ಮಾಡು. ಐದೂ ಚೀಲದ ನಂಬರ್ ಹಾಕು. ಸಾಕ್ಷಿ ಅಂತ ಕೆಳಗೆ ನಿನ್ನ ರುಜು ಇರಲಿ."

ನನಗೂ ಇದ್ದದ್ದು ಅದೊಂದೇ ನೌಕರಿ. ಟೈಪ್‌ರೈಟರಿಗೆ ಹಾಳೆ ಏರಿಸಿ, ಒಳಕೋಣೆಗೆ ಕೇಳಿಸುವಂತೆ ಒಂದೊಂದು ಕೀಲಿಯನ್ನೂ ಕುಟ್ಟಿದೆ. ರುಜು ಹಾಕಿ ನಾನೇ ಒಯ್ದು ಸಾಹೇಬರ ಮುಂದಿಟ್ಟೆ.

"ಓದಿ ಸಾರ್" ಎಂದೆ. "ಪೂರ್ತಿ ಓದಿ."