ಅಕ್ಕನಿಗೆ ಬಂದ ಅರ್ಧ ಸೀನು

ಹೊಸಕೋಟೆಯ ಥಿಯೇಟರಿನಲ್ಲಿ ನಮ್ಮ ಭಾವ ನಕ್ಕ ರಭಸಕ್ಕೆ ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದ್ದರು.

ಡೋಂಗಿ ಸ್ವಾಮಿಯೊಬ್ಬನ ಕಾಮಿಡಿ ಸಿನಿಮಾ ಅದು. ಕಾಲು ನೋವೆಂದು ಬಂದ ಹೆಂಗಸಿಗೆ ಸ್ವಾಮಿ ಕಣ್ಣು ಮುಚ್ಚಿ ಹೇಳುತ್ತಾನೆ: "ನೋವು ದೇಹದ್ದು ತಾಯಿ. ನೀನು ದೇಹವಲ್ಲ. ಸುಮ್ಮನೆ ನೋಡುತ್ತಾ ಕೂರು, ತಾನಾಗಿ ಹೋಗುತ್ತದೆ." ಹಿನ್ನೆಲೆಯಲ್ಲಿ ಕೊಳಲು. ಮರುಕ್ಷಣವೇ ಎದ್ದು ಹೊರಟ ಸ್ವಾಮಿಯ ಕಾಲಿಗೆ ಮುಳ್ಳು ಚುಚ್ಚುತ್ತದೆ. "ಆಂಬುಲೆನ್ಸ್ ಕರೀರೋ, ಸತ್ತೆ!" ಎಂದು ಊರಿಗೆಲ್ಲ ಕೇಳುವಂತೆ ಕಿರುಚುತ್ತಾನೆ.

"ಎಂಥಾ ಕಳ್ಳ ನೋಡಪ್ಪಾ ಇವ್ನು!" ಭಾವ ನನ್ನ ತೊಡೆ ಬಡಿದು ಬಡಿದು ನಕ್ಕರು.

ಅಕ್ಕ ಬಂದಿರಲಿಲ್ಲ. (ಹಾಲು ಕರೆಯುವ ಹೊತ್ತಿಗೆ ಶೋ ಇಟ್ಟರೆ ಹಸು ಕಟ್ಟಿದ ಮನೆಯ ಹೆಂಗಸರು ಸಿನಿಮಾ ನೋಡುವುದಾದರೂ ಹೇಗೆ?)

ಆಮೇಲೊಂದು ಭಾನುವಾರ ಸಮೇತನಹಳ್ಳಿಯ ಅವರ ಮನೆಗೆ ಹೋದೆ. ಗಿರಿಜಕ್ಕ ಕುಂಟುತ್ತಾ ಬಂದು ಕಾಫಿ ಕೊಟ್ಟಳು. ಪಾದಕ್ಕೆ ಹಳೇ ಸೀರೆಯ ತುಂಡು ಸುತ್ತಿದ್ದಳು.

"ಏನಕ್ಕಾ ಇದು?"

"ಏನಿಲ್ಲ ಕಣೋ. ಚಪ್ಪಲಿ ಕಚ್ಚಿತ್ತು. ಯಾಕೋ ಒಣಗ್ತಾನೇ ಇಲ್ಲ."

ಅಕ್ಕನಿಗೆ ಶುಗರ್ ಇದೆ. ಬಲವಂತ ಮಾಡಿ ಬಟ್ಟೆ ಬಿಚ್ಚಿಸಿದೆ. ಕೊಳೆತ ವಾಸನೆ ಬಂತು. ಕಿರುಬೆರಳು ಕಪ್ಪಗಾಗಿತ್ತು.

"ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ನೋವಿಗೆ ಅಷ್ಟೊಂದು ಬೆಲೆ ಕೊಡಬಾರ್ದಂತೆ. ನೋಡು, ಎಷ್ಟು ಚೆನ್ನಾಗಿ ಹೇಳವ್ರೆ." ಅಕ್ಕ ಮೊಬೈಲು ನನ್ನ ಮುಂದೆ ಹಿಡಿದಳು.

ಅದೇ ಸ್ವಾಮಿ. ಅದೇ ಕೊಳಲು. ಮೇಲೊಂದು ಓಂಕಾರ, ಕೆಳಗೊಂದು ಕಮಲದ ಹೂವು. "ತಾನಾಗಿ ಹೋಗುತ್ತದೆ" ಎಂಬಲ್ಲಿಗೆ ವಿಡಿಯೋ ಮುಗಿಯಿತು. ಮುಳ್ಳಿಲ್ಲ. ಕಿರುಚಾಟವಿಲ್ಲ. ಯಾರೋ ಪುಣ್ಯಾತ್ಮ ಕತ್ತರಿಸಿ ಎಸೆದಿದ್ದ.

"ಯಾರು ಕಳಿಸಿದ್ದು?"

"ನಿಮ್ಮ ಭಾವನೇ. ನೋವು ಅಂದಾಗೆಲ್ಲ ಇದನ್ನ ಕೇಳ್ಕೋ ಅಂತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಭಾವ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು.

"ಭಾವ, ಇದು ತಮಾಷೆ ಸೀನು ಅಂತ ನಿಮಗೆ ಗೊತ್ತಿಲ್ವಾ? ಪಕ್ಕದಲ್ಲೇ ಕೂತು ನಕ್ಕಿದ್ರಲ್ಲ?"

"ಡೈರೆಕ್ಟ್ರು ತಮಾಷೆಗೆ ಮಾಡಿರ್ಬೋದು ಕಣಪ್ಪಾ. ಮಾತಲ್ಲಿ ತಪ್ಪೇನಿದೆ? ಅವ್ಳಿಗೂ ಸ್ವಲ್ಪ ಸಮಾಧಾನ ಆಗುತ್ತೆ."

"ನಿಮಗೆ ಹಲ್ಲು ನೋವು ಬಂದಾಗ ಬೆಳಗಾಗೋದ್ರೊಳಗೆ ಬೆಂಗಳೂರಿಗೆ ಓಡಿದ್ರಿ. ಆಗ ನೀವು ದೇಹ ಆಗಿದ್ರಾ?"

ಭಾವ ಪೇಪರ್ ಮಡಚಿದರು. ಅಕ್ಕನ ಗಂಡನೆದುರು ನಾನು ದನಿಯೆತ್ತಿ ಮಾತಾಡಿದ್ದು ಅದೇ ಮೊದಲು. ಕಾರು ತೆಗೆದು ಅಕ್ಕನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. "ಹಸುಗೆ ಮೇವು ಹಾಕಿಲ್ಲ ಕಣೋ" ಎಂದು ದಾರಿಯುದ್ದಕ್ಕೂ ಗೋಗರೆದಳು.

ಬೆರಳು ಉಳಿಯಲಿಲ್ಲ. ಇನ್ನೂ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು ಡಾಕ್ಟರು.

ವಾರ್ಡಿನಲ್ಲಿ ಅಕ್ಕ ಕೇಳಿದಳು, "ಆ ಸ್ವಾಮಿ ಆಮೇಲೆ ಏನ್ ಮಾಡ್ತಾನೆ?"

ಹೇಳಿದೆ. ಮುಳ್ಳು, ಆಂಬುಲೆನ್ಸ್, ಥಿಯೇಟರೇ ಬಿದ್ದುಹೋಗುವಂಥ ನಗು. ಅಕ್ಕ ನಗಲಿಲ್ಲ.

"ನಾನು ದಿನಾ ಕೈ ಮುಗ್ಕೊಂಡು ನೋಡ್ತಿದ್ದೆ ಕಣೋ," ಎಂದು ಗೋಡೆಯ ಕಡೆ ಹೊರಳಿದಳು.

ನಮ್ಮ ಜನಕ್ಕೆ ವ್ಯಂಗ್ಯ ಅರ್ಥವಾಗುವುದಿಲ್ಲ ಎಂದು ದೊಡ್ಡ ದೊಡ್ಡವರು ಗೊಣಗುವುದನ್ನು ಕೇಳಿದ್ದೇನೆ. ಸುಳ್ಳು! ಭಾವನಿಗೆ ಪೂರ್ತಿ ಅರ್ಥವಾಗಿತ್ತು. ಸ್ವಾಮಿ ಕಳ್ಳನೆಂದೂ ಗೊತ್ತಿತ್ತು, ಅವನ ಮಾತು ಬೊಗಳೆಯೆಂದೂ ಗೊತ್ತಿತ್ತು. ಆದರೆ ಆ ಬೊಗಳೆ ಕೆಲಸಕ್ಕೆ ಬರುವಂಥದ್ದು. ಹೆಂಡತಿ ನರಳುವುದು ನಿಂತರೆ ಆಸ್ಪತ್ರೆಯ ಓಡಾಟ ತಪ್ಪುತ್ತದೆ, ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ, ಹಾಲು ಡೇರಿ ಸೇರುತ್ತದೆ. ವ್ಯಂಗ್ಯ ಅರ್ಥವಾಗದೆ ಕೈಮುಗಿದವಳ ಮೇಲೆ ನನಗೆ ಸಿಟ್ಟಿಲ್ಲ. ಅರ್ಥವಾಗಿ, ಹೊಟ್ಟೆ ತುಂಬ ನಕ್ಕು, ಮನೆಗೆ ಬಂದು ಅದನ್ನೇ ಉಪದೇಶ ಮಾಡುವವರಿಗೆ ಏನೆನ್ನಬೇಕು?

ಇಂಥವರು ಸಮೇತನಹಳ್ಳಿಯಲ್ಲಿ ಮಾತ್ರ ಇದ್ದಾರೆಂದು ನೀವು ನೆಮ್ಮದಿಯಾಗಿರಬೇಡಿ. ನಿಮ್ಮ ಫ್ಯಾಮಿಲಿ ಗ್ರೂಪನ್ನೇ ತೆರೆದು ನೋಡಿ. "ನೋವನ್ನು ಸಹಿಸಿಕೋ" ಎನ್ನುವ ವಿಡಿಯೋವನ್ನು ಯಾವ ಹೆಂಡತಿಯಾದರೂ ಜ್ವರ ಬಂದ ಗಂಡನಿಗೆ ಕಳಿಸಿದ್ದುಂಟಾ?